ಪ್ರವಾಸಿಗರ ದುಡ್ಡು ಕಾಡಿನ ಅಂಚಿನ ಮನೆಗೆ ತಲುಪುತ್ತಿದೆಯಾ?

ಹೋಟೆಲ್ ಬಾತ್‌ರೂಮಿನಲ್ಲಿ ಒಂದು ಕಾರ್ಡ್ ಇಟ್ಟಿರುತ್ತಾರೆ, ನೋಡಿರುತ್ತೀರಿ. ‘ಪರಿಸರ ಉಳಿಸಿ, ಟವೆಲ್ ಮತ್ತೆ ಬಳಸಿ’ ಅಂತ. ಪಕ್ಕದಲ್ಲಿ ಹಸಿರು ಎಲೆಯ ಚಿತ್ರ ಬೇರೆ. ಅಮೆರಿಕದ ಪರಿಸರವಾದಿ ಜೇ ವೆಸ್ಟರ್‌ವೆಲ್ಡ್ 1986ರಲ್ಲೇ ಈ ಕಾರ್ಡನ್ನು ಲೇವಡಿ ಮಾಡಿದ್ದರು. ಉಳಿತಾಯ ಆಗುವುದು ಹೋಟೆಲಿನ ಲಾಂಡ್ರಿ ಖರ್ಚು, ಹೆಸರು ಪರಿಸರದ್ದು. ಟವೆಲ್ ಮತ್ತೆ ಬಳಸುವುದರಲ್ಲಿ ತಪ್ಪೇನಿಲ್ಲ, ಬಳಸಿ. ಆದರೆ ಆ ರೂಮಿನ ಏಸಿಗೆ ಕರೆಂಟ್ ಎಲ್ಲಿಂದ ಬರುತ್ತದೆ, ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ, ರೆಸಾರ್ಟ್ ಕಟ್ಟುವಾಗ ಎಷ್ಟು ಮರ ಉರುಳಿದವು ಅಂತ ಹೇಳುವ ಕಾರ್ಡ್ ಎಲ್ಲೂ ಕಾಣುವುದಿಲ್ಲ.

ಹಾಗಾಗಿ ಪ್ರವಾಸೋದ್ಯಮದಿಂದ ಕಾಡು ಉಳಿಯುತ್ತದೆ ಅಂದ ತಕ್ಷಣ ಮೂಗು ಮುರಿಯುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಉಳಿಯುತ್ತದೆ ಅಂತಲೇ ನಾನು ಹೇಳುತ್ತೇನೆ. ಒಂದೇ ಷರತ್ತು. ಕಾಡಿನ ಅಂಚಿನಲ್ಲಿ ಬದುಕುವವರಿಗೆ ಮರ ಕಡಿದರೆ ಸಿಗುವುದಕ್ಕಿಂತ ಮರ ನಿಂತಿದ್ದರೆ ಜಾಸ್ತಿ ಸಿಗಬೇಕು. ಬಾಯಿಮಾತಿನ ಭರವಸೆ ಸಾಲದು, ನಿಯಮದಲ್ಲೇ ಬರೆದಿರಬೇಕು.

ಆಫ್ರಿಕಾದ ರುವಾಂಡಾ ದೇಶದ ಜ್ವಾಲಾಮುಖಿ ಬೆಟ್ಟಗಳನ್ನೇ ನೋಡಿ. ಅಲ್ಲಿ ರಾಷ್ಟ್ರೀಯ ಉದ್ಯಾನದ ಗಡಿ ಅಂದರೆ ಒಂದು ಕಲ್ಲಿನ ಗೋಡೆ. ಲಾವಾ ಕಲ್ಲುಗಳನ್ನು ಜೋಡಿಸಿ ಕಟ್ಟಿದ್ದು. ಈ ಕಡೆ ಗೋಡೆಗೆ ತಾಗಿಕೊಂಡೇ ಆಲೂಗಡ್ಡೆ ಹೊಲ, ಆ ಕಡೆ ಗೊರಿಲ್ಲಾಗಳ ಕಾಡು. ಕಾಡೆಮ್ಮೆಗಳು ದಾಟಿ ಬಂದು ಬೆಳೆ ತುಳಿಯದಿರಲಿ ಅಂತ ಆ ಗೋಡೆ. ಇಂಥ ಜಾಗದಲ್ಲಿ ಒಬ್ಬ ರೈತನಿಗೆ ಕಾಡಿನ ಮೇಲೆ ಪ್ರೀತಿ ಹುಟ್ಟುವುದು ಸುಲಭವಾ?

ಗೊರಿಲ್ಲಾ ನೋಡುವ ಪರ್ಮಿಟ್ ಮೊದಲು 750 ಡಾಲರ್ ಇತ್ತು. 2017ರಲ್ಲಿ ಸರ್ಕಾರ ಅದನ್ನು 1,500 ಡಾಲರ್ ಮಾಡಿತು. ಒಂದು ಗುಂಪಿಗೆ ಎಂಟೇ ಜನ, ಗೊರಿಲ್ಲಾಗಳ ಹತ್ತಿರ ಒಂದೇ ಗಂಟೆ. ನಮ್ಮ ನೆಗಡಿ ಅವುಗಳಿಗೆ ಅಂಟಿದರೆ ಜೀವಕ್ಕೇ ಕುತ್ತು, ಅದಕ್ಕೇ ದೂರವನ್ನೂ ಕಾಯ್ದುಕೊಳ್ಳಬೇಕು. 2005ರಿಂದ ಉದ್ಯಾನಗಳ ಪ್ರವಾಸದ ಆದಾಯದಲ್ಲಿ ಶೇ. 5 ಸುತ್ತಲಿನ ಊರುಗಳಿಗೆ ಹೋಗುತ್ತಿತ್ತು, 2017ರಲ್ಲಿ ಅದು ಶೇ. 10 ಆಯಿತು. ಅದರಲ್ಲಿ ಶಾಲೆ, ನೀರಿನ ಟ್ಯಾಂಕ್, ಆಸ್ಪತ್ರೆ ಬಂದವು. ಮೊದಲು ಕಾಡಿನಲ್ಲಿ ಉರುಳು ಹಾಕುತ್ತಿದ್ದ ಕೆಲವರು ಈಗ ಪ್ರವಾಸಿಗರ ಬ್ಯಾಗ್ ಹೊರುತ್ತಾರೆ. ಸುತ್ತಲಿನ ದೇಶಗಳದ್ದೂ ಸೇರಿ ಬೆಟ್ಟದ ಗೊರಿಲ್ಲಾಗಳು ಸಾವಿರ ದಾಟಿವೆ. ಯಾವ ಜೀವಿ ಅಳಿವಿಗೆ ಎಷ್ಟು ಹತ್ತಿರ ಇದೆ ಅಂತ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2018ರಲ್ಲಿ ಅವುಗಳನ್ನು ಅಳಿವಿನ ತೀರಾ ಅಪಾಯದ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿಸಿತು. ಇದರಲ್ಲಿ ಪಶುವೈದ್ಯರ, ಕಾವಲುಗಾರರ ಪಾಲು ದೊಡ್ಡದು. ಆದರೆ ಅವರ ಕೆಲಸ ನಡೆಯುವುದಕ್ಕೂ ದುಡ್ಡು ಬೇಕಲ್ವಾ?

ನನ್ನನ್ನು ಕೇಳಿದರೆ ಶೇ. 10 ಕೂಡ ಕಡಿಮೆಯೇ. ಬೆಳೆ ಕಳೆದುಕೊಳ್ಳುವವರು ಕಾಡಿನ ಅಂಚಿನ ಊರಿನವರು, ಲಾಭದ ದೊಡ್ಡ ಪಾಲು ಬೇರೆಯವರಿಗೆ. ಆದರೂ ಇಷ್ಟು ಅಂತ ಒಂದು ಲೆಕ್ಕ ಇರುವುದರಿಂದ ಜಾಸ್ತಿ ಕೊಡಿ ಅಂತ ಜಗಳ ಆಡುವುದಕ್ಕಾದರೂ ಆಗುತ್ತದೆ.

ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಕಥೆಯನ್ನೂ ನೋಡಿ. ದನದ ಮಾಂಸದ ವ್ಯಾಪಾರಕ್ಕಾಗಿ ಕಾಡು ಕಡಿದು ಹುಲ್ಲುಗಾವಲು ಮಾಡಿದರು. 1980ರ ದಶಕದಲ್ಲಿ ಕಾಡು ದೇಶದ ಕಾಲು ಭಾಗದಷ್ಟಕ್ಕೆ ಇಳಿದಿತ್ತು, ಈಗ ಅರ್ಧಕ್ಕಿಂತ ಜಾಸ್ತಿ ಇದೆ. ಇದನ್ನು ಪ್ರವಾಸೋದ್ಯಮ ಒಂದೇ ಮಾಡಿತು ಅನ್ನುವವರನ್ನು ನಂಬಬೇಡಿ. ಮಾಂಸದ ಬೆಲೆ ಬಿತ್ತು, 1996ರಲ್ಲಿ ಕಾಡು ಕಡಿಯುವುದಕ್ಕೆ ಕಾನೂನಿನ ತಡೆ ಬಂತು, ಮರುವರ್ಷದಿಂದ ಪೆಟ್ರೋಲ್, ಡೀಸೆಲ್ ಮೇಲಿನ ತೆರಿಗೆಯ ಒಂದು ಪಾಲು ಕಾಡು ಉಳಿಸಿಕೊಂಡ ಜಮೀನುದಾರರಿಗೆ ಹೋಗತೊಡಗಿತು. ಪ್ರವಾಸಿಗರು ಬಂದಿದ್ದರಿಂದ ನಿಂತಿರುವ ಕಾಡಿಗೂ ಒಂದು ಬೆಲೆ ಇದೆ ಅನ್ನುವುದು ಕಣ್ಣಿಗೆ ಕಂಡಿತು.

ಇನ್ನು ಹವಾಮಾನದ ವಿಷಯ. ಇಲ್ಲಿ ಉದ್ಯಮದವರು ಮಾತು ಹಾರಿಸುತ್ತಾರೆ. ಗೊರಿಲ್ಲಾ ನೋಡುವುದಕ್ಕೆ ಜನ ಖಂಡ ದಾಟಿ ವಿಮಾನದಲ್ಲಿ ಬರುತ್ತಾರೆ. ಪ್ರಪಂಚದ ಹಸಿರುಮನೆ ಅನಿಲದಲ್ಲಿ ಸುಮಾರು ಶೇ. 8 ಪ್ರವಾಸದಿಂದಲೇ ಅಂತ 2018ರ ಒಂದು ಅಧ್ಯಯನ ಹೇಳಿತು. ವಿಮಾನದ ಜೊತೆ ಊಟ, ಶಾಪಿಂಗ್, ವಸತಿ ಎಲ್ಲ ಸೇರಿಸಿದ ಲೆಕ್ಕ ಅದು. ಒಂದು ಕಡೆ ಕಾಡು ಉಳಿಸಿ, ಇನ್ನೊಂದು ಕಡೆ ಅದನ್ನೇ ಒಣಗಿಸುವ ಬಿಸಿಲಿಗೆ ದಾರಿ ಮಾಡಿದ ಹಾಗಾಯಿತು.

ಹಾಗಂತ ಯಾರೂ ಎಲ್ಲಿಗೂ ಹೋಗಬಾರದು ಅನ್ನುವುದೂ ಪರಿಹಾರವಲ್ಲ. 2020ರಲ್ಲಿ ಕೋವಿಡ್ ಬಂದಾಗ ಅದೂ ಆಗಿ ನೋಡಿಯಾಯಿತು. ಪ್ರವಾಸಿಗರು ಬರುವುದು ನಿಂತ ಕೂಡಲೇ ಆಫ್ರಿಕಾದ ಎಷ್ಟೋ ಕಾಡುಗಳಲ್ಲಿ ಕಾವಲುಗಾರರ ಸಂಬಳಕ್ಕೇ ಕಷ್ಟವಾಯಿತು. ಒಳ್ಳೆಯ ವರ್ಷಗಳ ದುಡ್ಡಲ್ಲಿ ಸ್ವಲ್ಪ ತೆಗೆದಿಟ್ಟು ನಿಧಿ ಮಾಡಿದ್ದರೆ ಅಷ್ಟು ಪರದಾಟ ಇರುತ್ತಿರಲಿಲ್ಲ.

ಉದ್ಯಮ ಬದಲಿಸಬೇಕಾದದ್ದು ಪ್ಯಾಕೇಜನ್ನೇ. ಏಳು ದಿನದಲ್ಲಿ ಐದು ದೇಶ ಅನ್ನುವ ಪ್ಯಾಕೇಜುಗಳಲ್ಲಿ ಅರ್ಧ ಸಮಯ ಏರ್‌ಪೋರ್ಟಿನಲ್ಲೇ ಹೋಗುತ್ತದೆ. ಒಂದೇ ಊರಲ್ಲಿ ಹತ್ತು ದಿನ ಇರುವಂಥದ್ದನ್ನು ಅಗ್ಗ ಮಾಡಲಿ. ರೈಲು ಹೋಗುವ ಕಡೆ ವಿಮಾನದ ಟಿಕೆಟ್ ಸೇರಿಸುವುದನ್ನು ಬಿಡಲಿ. ಹೀಗಾದರೆ ಸುತ್ತಾಟದ ಹೊಗೆ ಕಡಿಮೆ, ಆ ಊರಿನ ಗೈಡಿಗೆ, ಅಡುಗೆಯವರಿಗೆ ಜಾಸ್ತಿ ದಿನ ಕೆಲಸ.

2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದ ವೇಳೆ ಪ್ರವಾಸೋದ್ಯಮದ ನೂರಾರು ಸಂಸ್ಥೆಗಳು ಒಂದು ಘೋಷಣೆಗೆ ಸಹಿ ಹಾಕಿದವು. 2030ರೊಳಗೆ ಹೊರಸೂಸುವಿಕೆ ಅರ್ಧ ಮಾಡುವ ಗುರಿಗೆ ಬೆಂಬಲ, ಒಂದು ವರ್ಷದೊಳಗೆ ಯೋಜನೆ, ಆಮೇಲೆ ಪ್ರತಿ ವರ್ಷ ಎಲ್ಲರಿಗೂ ಕಾಣುವಂತೆ ವರದಿ. ಟೂರ್ ಬುಕ್ ಮಾಡುವಾಗ ಅಂಥ ವರದಿ ನಿಮ್ಮದು ಇದೆಯಾ ಅಂತ ಕೇಳಿ ನೋಡಿ. ನಾನು ಒಂದು ಕಂಪನಿಯವರನ್ನು ಕೇಳಿದೆ. ವಾಟ್ಸಾಪಿಗೆ ಗಿಡ ನೆಡುತ್ತಿರುವ ಫೋಟೋ ಬಂತು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವವರು ಯಾರು ಅಂತ ಕೇಳಿದ್ದೇನೆ, ಎರಡು ನೀಲಿ ಟಿಕ್ ಬಿದ್ದಿವೆ.