ಸ್ಪಷ್ಟನೆ: ಕುರಿಯ ಪಿಪಿಆರ್ ಮನುಷ್ಯರಿಗೆ ಬರುವುದಿಲ್ಲ

ಉಡುಪಿ, ಕಾರ್ಕಳ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. "ಘಟ್ಟದ ಮೇಲಿಂದ ಬಂದ ಕುರಿಗಳಲ್ಲಿ ಪಿಪಿಆರ್ ವೈರಸ್ ಇದೆ, ಮಾಂಸ ತಿಂದರೆ ನಮಗೂ ಅಂಟುತ್ತದೆ" ಅಂತ.

ಇದು ತಪ್ಪು. ಪಿಪಿಆರ್ ಕುರಿ, ಆಡುಗಳ ರೋಗ. ಮನುಷ್ಯರಿಗೆ ಬರುವುದಿಲ್ಲ ಅಂತ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯೇ ಹೇಳಿದೆ. ಹಾಗಂತ ಕಾಯಿಲೆ ಬಿದ್ದ ಕುರಿಯನ್ನು ಕಡಿದು ಮಾರಬಹುದು ಅಂತಲ್ಲ, ಅದು ಬೇರೆ ಮಾತು.

ಗೊಂದಲ ಬಂದಿದ್ದು ಬಹುಶಃ ಆ ಸಂದೇಶದ ಜೊತೆಗಿರುವ ಫೋಟೋದಿಂದ. ತುಟಿ ಸುತ್ತ ದಪ್ಪ ಹುರುಪೆ ಕಟ್ಟಿದ ಮರಿ, ಪಕ್ಕದಲ್ಲಿ ಬೆರಳಿಗೆ ಬೊಕ್ಕೆ ಎದ್ದ ಕೈ. ಅದು ಆರ್ಫ್ ಥರ ಕಾಣುತ್ತದೆ. ಆರ್ಫ್ ಬೇರೆಯೇ ವೈರಸ್. ಹುಣ್ಣು ಮುಟ್ಟಿದರೆ ಕೈಗೆ ಅಂಟಬಹುದು, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಅಂಥ ಮರಿಗೆ ಮದ್ದು ಹಚ್ಚುವಾಗ ಗ್ಲೌಸ್ ಹಾಕಿಕೊಳ್ಳಿ, ಅಷ್ಟೇ.

ನನ್ನದೂ ಒಂದು ತಪ್ಪಿದೆ. ಪಿಪಿಆರ್ ಲಸಿಕೆ ಪ್ರತಿ ವರ್ಷ ಹಾಕಿಸಬೇಕು ಅಂತ ಹಿಂದೆ ನಾನೇ ಬರೆದಿದ್ದೆ. ಒಮ್ಮೆ ಹಾಕಿಸಿದರೆ ಸುಮಾರು 3 ವರ್ಷ ರಕ್ಷಣೆ ಸಿಗುತ್ತದೆ. ಮರಿಗಳಿಗೆ 3–4 ತಿಂಗಳು ತುಂಬಿದ ಮೇಲೆ ಹಾಕಿಸಿ. ಅದಕ್ಕಿಂತ ಮುಂಚೆ ತಾಯಿ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿಯೇ ಲಸಿಕೆಗೆ ಅಡ್ಡ ಬರುತ್ತದೆ.

ಹೊಸ ಕುರಿ ತಂದರೆ ಮೂರು ವಾರ ಬೇರೆ ಕಟ್ಟಿ. ಬೆಳಿಗ್ಗೆ ಮೇವು ಹಾಕುವಾಗ ಮೂಗು, ಕಣ್ಣು ನೋಡಿ. ಸಿಂಬಳ, ಜ್ವರ, ಬಾಯಿ ಹುಣ್ಣು, ಭೇದಿ ಕಂಡರೆ ಪಶು ವೈದ್ಯರಿಗೆ ಹೇಳಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಆ ಸಂದೇಶ ನಿಮ್ಮ ಫೋನಿಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ.