ಮುಂದಕ್ಕೆ ಎಳೆದ್ರೆ ಹಿಂದೆ ನೀರು

ನಮ್ಮನೆ ಟಿವಿ ಸ್ಟ್ಯಾಂಡ್ ಮೇಲೆ ಹತ್ತು ದಿನದಿಂದ ಒಂದು ಸತ್ತ ಮೋಟರ್ ಕೂತಿದೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಕಪ್ಪು ಪ್ಲಾಸ್ಟಿಕ್ಕು, ಕೆಳಗಡೆ ಮೂರು ಮೂತಿ. ಮನೆಗೆ ಬಂದೋರೆಲ್ಲ ಇದೇನಿದು ಅಂತ ಕೇಳ್ತಾರೆ, ನಾನು ಅದನ್ನೇ ಕಾಯ್ತಿರ್ತೀನಿ, ಕೇಳಿದ ತಕ್ಷಣ ಶುರು ಹಚ್ಕೋತೀನಿ, ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋಗ್ತಾಳೆ. ಈಗ ನಿಮ್ಮ ಸರದಿ. ಎದ್ದು ಹೋಗೋರು ಈಗ್ಲೇ ಹೋಗ್ಬಿಡಿ.

ಅದು ಕಾರಿನ ವಾಷರ್ ಪಂಪು. ಮುಂದಿನ ಗಾಜಿಗೆ ಚಿರ್ ಅಂತ ನೀರು ಹೊಡೆಯುತ್ತಲ್ಲ, ಅದು. ಕಾರು ತಗೊಂಡು ಹನ್ನೊಂದು ವರ್ಷ ಆಯ್ತು, ಅಂಥದ್ದೊಂದು ಮೋಟರ್ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ, ಲಿವರ್ ಎಳೆದ್ರೆ ನೀರು ಬರುತ್ತೆ ಅಷ್ಟೇ, ಅದು ಎಲ್ಲಿಂದ ಬರುತ್ತೆ ಯಾರು ತಳ್ತಾರೆ ಅಂತ ಒಂದ್ ದಿನಾನೂ ಯೋಚ್ನೆ ಮಾಡಿರ್ಲಿಲ್ಲ.

ಜುಲೈನಲ್ಲಿ ಪುತ್ತೂರಿಂದ, ಅಂದ್ರೆ ಮಾವನ ಮನೆಯಿಂದ, ವಾಪಸ್ ಬರ್ತಿದ್ವಿ. ಗುಂಡ್ಯ ದಾಟಿ ಶಿರಾಡಿ ಹತ್ತೋವಾಗ ಧೋ ಅಂತ ಮಳೆ, ವೈಪರ್ ಫುಲ್ ಸ್ಪೀಡಲ್ಲಿ ಹೊಡ್ಕೋತಿತ್ತು, ಏನೂ ತೊಂದ್ರೆ ಇಲ್ಲ. ಮಾರನಹಳ್ಳಿ ಹತ್ರ ಮಳೆ ನಿಂತ್ತು ನೋಡಿ, ಆಗ ಶುರುವಾಯ್ತು. ಎದುರಿಂದ ಬಂದ ಟ್ಯಾಂಕರ್ ಒಂದು ಗುಂಡಿಗೆ ಚಕ್ರ ಇಳಿಸಿ ಅಲ್ಲಿದ್ದ ಕೆಂಪು ರಾಡಿನೆಲ್ಲ ನಮ್ಮ ಗಾಜಿಗೆ ಎರಚಿ ಹೋಯ್ತು. ಲಿವರ್ ಎಳೆದೆ. ನೀರು ಬರ್ಲಿಲ್ಲ, ವೈಪರ್ ಮಾತ್ರ ಮೂರು ಸಲ ಆಡ್ತು, ಆ ಮೂರು ಸಲದಲ್ಲಿ ಅಂಗಳಕ್ಕೆ ಸಗಣಿ ಸಾರಿಸಿದ ಹಾಗೆ ಗಾಜಿನ ತುಂಬ ರಾಡಿ ಸಾರಿಸಿಬಿಡ್ತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಏನಿದೆ ಅಂತ ನಿಮಗೇ ಗೊತ್ತು. ಕಿಟಕಿಯಿಂದ ತಲೆ ಹೊರಗೆ ಹಾಕ್ಕೊಂಡು ಹೆಂಗೋ ಬದಿಗೆ ನಿಲ್ಸಿದೆ. ಹೆಂಡತಿ ಇಳಿದು ಕುಡಿಯೋ ನೀರಿನ ಬಾಟಲಿ ಪೂರ್ತಿ ಗಾಜಿಗೆ ಸುರಿದು, "ಎಂತ ಮಾರಾಯ್ರೆ, ಎರಡು ವಾರದಿಂದ ಪಿನ್ನು ಚುಚ್ಚಿದ್ದೇ ಚುಚ್ಚಿದ್ದು, ಇನ್ನೂ ಸರಿ ಆಗ್ಲಿಲ್ವಾ ಅದು?" ಅಂದ್ಳು.

ಅವಳು ಹೇಳಿದ್ದು ನಿಜ. ನೀರು ಬರ್ತಿಲ್ಲ ಅಂತ ಎರಡು ವಾರ ಮುಂಚೇನೇ ಗೊತ್ತಾಗಿತ್ತು. ನಾಝಲ್, ಅಂದ್ರೆ ನೀರು ಚಿಮ್ಮೋ ತೂತು, ಬ್ಲಾಕ್ ಆಗಿದೆ ಅಂತ ನಾನೇ ತೀರ್ಮಾನ ಮಾಡಿ ಎರಡು ಭಾನುವಾರ ಸೇಫ್ಟಿ ಪಿನ್ ಹಿಡ್ಕೊಂಡು ಬಾನೆಟ್ ಮೇಲೆ ಬಗ್ಗಿ ಚುಚ್ಚಿದ್ದೆ. ಒಂದ್ಸಲನಾದ್ರೂ ಕಿವಿ ಕೊಟ್ಟು ಕೇಳಿದ್ನಾ? ಇಲ್ಲ. ಲಿವರ್ ಎಳೆದಾಗ ಮೋಟರ್ ಕುಂಯ್ ಅನ್ನುತ್ತೆ. ಕುಂಯ್ ಅಂದು ನೀರು ಬರ್ಲಿಲ್ಲ ಅಂದ್ರೆ ನಾಝಲ್ಲೋ ಪೈಪೋ ನೋಡ್ಬೇಕು, ಇಲ್ಲಾ ಟ್ಯಾಂಕಲ್ಲಿ ನೀರೇ ಇಲ್ಲ ಅಂತ ಅರ್ಥ. ಕುಂಯ್ ಅಂತಾನೇ ಇಲ್ಲ ಅಂದ್ರೆ ತೊಂದ್ರೆ ಇರೋದು ಕರೆಂಟಲ್ಲಿ ಅಥವಾ ಮೋಟರಲ್ಲಿ. ಇನ್ನೊಂದು, ನಮ್ಮದು ಹಿಂದಿನ ಗಾಜಿಗೂ ವೈಪರ್ ಇರೋ ಹ್ಯಾಚ್‌ಬ್ಯಾಕ್. ಹಿಂದಿನ ವಾಷರ್ ಒಂದ್ಸಲ ಒತ್ತಿ ನೋಡಿದ್ರೆ ಸಾಕಾಗಿತ್ತು, ಅದೂ ಬರ್ತಿರ್ಲಿಲ್ಲ. ಮುಂದಿನ ನಾಝಲ್ಲೂ ಹಿಂದಿನ ನಾಝಲ್ಲೂ ಮಾತಾಡ್ಕೊಂಡು ಒಂದೇ ದಿನ ಕಟ್ಕೊಳ್ಳಲ್ವಲ್ಲ.

ಸೋಮವಾರ ಸರ್ವಿಸ್ ಸೆಂಟರ್‌ಗೆ ಹೋದೆ. ಯಾವ್ದು ಅಂತ ಕೇಳ್ಬೇಡಿ, ನಿಮ್ಮ ಏರಿಯಾದ್ದೂ ಹೀಗೇ ಇರುತ್ತೆ. ಟೈ ಕಟ್ಕೊಂಡಿದ್ದ ಹುಡುಗ ಟ್ಯಾಬ್ ಮೇಲೆ ಬೆರಳಾಡಿಸಿ, ವಾಷರ್ ಟ್ಯಾಂಕ್ ಅಸೆಂಬ್ಲಿ ವಿತ್ ಮೋಟರ್, ಬಂಪರ್ ಬಿಚ್ಚಿ ಹಾಕೋ ಲೇಬರ್, ಟ್ಯಾಕ್ಸ್ ಸೇರಿ 3,400 ರೂಪಾಯಿ ಆಗುತ್ತೆ ಸರ್ ಅಂದ. ಬಾನೆಟ್ ತೆಗೆದಿರ್ಲಿಲ್ಲ. ಲಿವರ್ ಎಳೆದಿರ್ಲಿಲ್ಲ. ನನ್ನ ಕಾರು ಗೇಟ್ ಹತ್ರ ಇತ್ತು, ಅವನು ಅದರ ಮುಖಾನೂ ನೋಡಿರ್ಲಿಲ್ಲ. ಟ್ಯಾಂಕ್ ಯಾಕಪ್ಪ, ಅದಕ್ಕೇನಾಗಿದೆ ಅಂದೆ. ಸೆಟ್ಟಾಗೇ ಬರೋದು ಸರ್ ಅಂದ.

ನಂಗೆ ಕೋಪ ಬಂದಿದ್ದು ದುಡ್ಡಿಗಲ್ಲ. ಸರಿ, ದುಡ್ಡಿಗೂ ಬಂತು. ಆದ್ರೆ ಅವನು ಮೋಸ ಮಾಡಿದ ಅಂತ ನಾನು ಹೇಳಲ್ಲ, ಅವನ ಕಷ್ಟ ಅವನಿಗೆ. ಬೆಳಗ್ಗೆ ಎಂಟರಿಂದ ಸಾಲಾಗಿ ಕಾರು ಬರ್ತಾವೆ, ಒಂದೊಂದಕ್ಕೂ ಕಿವಿ ಕೊಟ್ಟು ಕೂತ್ರೆ ಮ್ಯಾನೇಜರ್ ಬಿಡ್ತಾನಾ? ಪೂರ್ತಿ ಸೆಟ್ ಬದಲಾಯಿಸಿದ್ರೆ ಅದೇ ಕಂಪ್ಲೇಂಟ್ ವಾಪಸ್ ಬರಲ್ಲ, ಅವನಿಗೆ ನೆಮ್ಮದಿ. ಆದ್ರೆ ಏನಾಗಿದೆ ಅಂತ ನೋಡೋ ಕೆಲಸ ಇದೆಯಲ್ಲ, ಆ ಕೆಲಸ ಯಾರ ಲಿಸ್ಟಲ್ಲೂ ಇಲ್ಲ. ಬಿಲ್ಲಲ್ಲಿ ಪಾರ್ಟಿಗೆ ಒಂದು ಸಾಲಿದೆ, ಲೇಬರ್‌ಗೆ ಒಂದು ಸಾಲಿದೆ, ನೋಡಿದ್ದಕ್ಕೆ ಸಾಲಿಲ್ಲ, ಹಾಗಾಗಿ ಯಾರೂ ನೋಡಲ್ಲ. ಫ್ರಿಜ್ ಆಗ್ಲಿ ಮಿಕ್ಸಿ ಆಗ್ಲಿ ಫೋನ್ ಆಗ್ಲಿ, ಎಲ್ಲಾ ಕಡೆ ಇದೇ ಕಥೆ ಆಗೋಗಿದೆ. ನಮ್ಮೂರಲ್ಲಿ ಪಂಪ್‌ಸೆಟ್ ರಿಪೇರಿ ಮಾಡೋ ಒಬ್ರು ಇದ್ರು, ಮೋಟರ್ ಮೇಲೆ ಸ್ಕ್ರೂಡ್ರೈವರ್ ಇಟ್ಟು ಅದರ ಹಿಡಿಗೆ ಕಿವಿ ಹಚ್ಚಿ ಬೇರಿಂಗ್ ಹೋಗಿದ್ಯಾ ಅಂತ ಹೇಳೋರು. ಚಿಕ್ಕವನಿದ್ದಾಗ ಅದು ಮಂತ್ರ ಅಂದ್ಕೊಂಡಿದ್ದೆ.

ಆವತ್ತು ಸಂಜೆ ಮನೆಗೆ ಬಂದು ಮೊದಲನೇ ಸಲ ಕಾರಿನ ಮ್ಯಾನುಯಲ್ ಓದಿದೆ. ಡ್ರೈವರ್ ಮೊಣಕಾಲಿನ ಹತ್ರ ಫ್ಯೂಸ್ ಬಾಕ್ಸ್ ಇದೆ. ಕೆಲವು ಕಾರಲ್ಲಿ ವೈಪರ್ರು ವಾಷರ್ರು ಎರಡಕ್ಕೂ ಒಂದೇ ಫ್ಯೂಸು, ನಮ್ಮದರಲ್ಲಿ ಬೇರೆ ಬೇರೆ, ಅದಕ್ಕೇ ವೈಪರ್ ಓಡ್ತಿತ್ತು. ವಾಷರ್ ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದೆ, ಒಳಗಿನ ತಂತಿ ಕರಗಿತ್ತು. ಆಹಾ ಹತ್ತು ರೂಪಾಯಲ್ಲಿ ಮುಗೀತು ಅಂತ ಬೇರೆ 15 ಆಂಪ್ಸ್ ಫ್ಯೂಸ್ ಹಾಕಿ ಲಿವರ್ ಎಳೆದೆ, ಅದೂ ಢಮಾರ್. ಅಂದ್ರೆ ಮೋಟರ್ ಜಾಮ್ ಆಗಿದೆ, ತಿರುಗೋಕಾಗ್ದೆ ಕರೆಂಟ್ ಎಳ್ಕೋತಿದೆ. ಇಂಥ ಪಂಪು ಸರಿಯಾಗಿ ಓಡ್ತಿದ್ರೆ ನಾಲ್ಕು ಆಂಪ್ಸ್ ಆಸುಪಾಸು ತಗೊಂಡ್ರೆ ಹೆಚ್ಚು. ಪಕ್ಕದ ಮನೆ ಅಂಕಲ್ಲು ಬಂದು, 30ರದ್ದು ಹಾಕ್ರಿ, ಇಲ್ಲ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿ ಹಾಕ್ರಿ ಅಂದ್ರು. ದಯವಿಟ್ಟು ಯಾರೂ ಹಾಗೆ ಮಾಡ್ಬೇಡಿ. ಫ್ಯೂಸ್ ಸುಡದೇ ಹೋದ್ರೆ ವೈರ್ ಸುಡುತ್ತೆ, ಆಮೇಲೆ ಕಾರು.

ಶನಿವಾರ ಜೆ.ಸಿ. ರೋಡು. ಕೆಂಗೇರಿಯಿಂದ ಮೆಟ್ರೋ, ಮೆಜೆಸ್ಟಿಕ್ಕಲ್ಲಿ ಬದಲಾಯಿಸಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು ಟೌನ್‌ಹಾಲ್ ಕಡೆ ನಡ್ಕೊಂಡು ಹೋದೆ. ಬೆಂಗಳೂರಲ್ಲಿ ವಾಹನದ ಬಿಡಿಭಾಗ ಅಂದ್ರೆ ಅದೇ ರಸ್ತೆ ಅಲ್ವಾ, ಅಲ್ಲಿ ಗಾಡಿ ನಿಲ್ಸೋಕೆ ಜಾಗ ಹುಡುಕೋದಕ್ಕಿಂತ ಮೆಟ್ರೋನೇ ವಾಸಿ. ಕೌಂಟರಲ್ಲಿದ್ದ ಹಿರೀರು ನಾನು ಬಾಯಿ ಬಿಡೋ ಮುಂಚೆ ಮೂರು ಪ್ರಶ್ನೆ ಕೇಳಿದ್ರು. ಯಾವ ವರ್ಷದ ಗಾಡಿ ಸಾರ್? ಹಿಂದೆ ವೈಪರ್ ಇದ್ಯಾ? ಹಳೇ ಮೋಟರ್ ತಂದಿದ್ದೀರಾ? ಮೂರನೇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಹಿಂದೆ ವೈಪರ್ ಇದ್ರೆ ಡಬಲ್ ಔಟ್‌ಲೆಟ್ ಮೋಟರ್ ಬೇಕು, ಕನೆಕ್ಟರ್ ಪಿನ್ನೂ ಮ್ಯಾಚ್ ಆಗ್ಬೇಕು, ಫೋನಲ್ಲಿ ಫೋಟೋ ಇದ್ರೂ ಸಾಕಿತ್ತು ಅಂತ ಬೈದು, ಎರಡು ಡಬ್ಬ ಬಿಚ್ಚಿ ತೋರ್ಸಿ ಕೊಟ್ರು. 380 ರೂಪಾಯಿ. ಆಮೇಲೆ, "ಗ್ರಾಮೆಟ್ ತಗೊಳ್ಳಿ ಸಾರ್, ಹಳೇದು ಗಟ್ಟಿ ಆಗಿರುತ್ತೆ" ಅಂತ ಮೂವತ್ತು ರೂಪಾಯಿ ರಬ್ಬರ್ ಬಳೆ ಒಂದನ್ನ ಮುಂದಿಟ್ರು. ಬೇಡ ಅಂದೆ. ಇದನ್ನ ನೆನಪಿಟ್ಕೊಳ್ಳಿ.

ಭಾನುವಾರ ಬೆಳಗ್ಗೆ ಶುರು. ಟ್ಯಾಂಕ್ ಇರೋದು ಬಂಪರ್ ಹಿಂದೆ, ಎಡಗಡೆ ಚಕ್ರದ ಮುಂದೆ. ಬಂಪರ್ ಬಿಚ್ಚೋದೇನೂ ಬೇಡ. ಬ್ಯಾಟರಿ ನೆಗೆಟಿವ್ ತೆಗೆದು, ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿದ್ರೆ ಚಕ್ರದ ಮುಂದಿನ ತುದಿ ಒಳಗೆ ಹೋಗಿ ಜಾಗ ಸಿಗುತ್ತೆ. ಅಲ್ಲಿರೋ ಕಪ್ಪು ಪ್ಲಾಸ್ಟಿಕ್ ಲೈನರ್ರಿನ ಎರಡು ಸ್ಕ್ರೂ, ನಾಲ್ಕು ಕ್ಲಿಪ್ ತೆಗೆದು ಬಗ್ಗಿಸಿದ್ರೆ ಆಯ್ತು, ಜಾಕ್ ಹಾಕಿ ಕೆಳಗೆ ತೂರೋ ಸಾಹಸ ಬೇಕಾಗಿಲ್ಲ. ನಾಲ್ಕು ಕ್ಲಿಪ್ಪಲ್ಲಿ ಮೂರು ಮುರೀತು. ಹನ್ನೊಂದು ವರ್ಷದ ಪ್ಲಾಸ್ಟಿಕ್ಕು, ಮುರಿಯುತ್ತೆ, ಬೇಜಾರ್ ಮಾಡ್ಕೋಬೇಡಿ, ಮೊದಲೇ ಒಂದು ಡಜನ್ ತಂದಿಟ್ಕೊಳ್ಳಿ.

ಒಳಗೆ ನೋಡಿದ್ರೆ ಮೋಟರ್ ಟ್ಯಾಂಕಿನ ಪಕ್ಕಕ್ಕೆ ಅಂಟ್ಕೊಂಡು ನಿಂತಿದೆ. ಸ್ಕ್ರೂ ಇಲ್ಲ ಬೋಲ್ಟ್ ಇಲ್ಲ, ಕೆಳಗಿನ ಮೂತಿನ ಆ ರಬ್ಬರ್ ಬಳೆ ಒಳಗೆ ಒತ್ತಿರೋದಷ್ಟೇ. ಇಷ್ಟಕ್ಕಾ 3,400 ಅಂತ ಖುಷಿಯಲ್ಲಿ ಹಿಡಿದು ಎಳೆದೆ. ಟ್ಯಾಂಕ್ ತುಂಬಿತ್ತು ಅನ್ನೋದು ನೀರು ಮೊಣಕೈ ದಾಟಿ ಕಂಕುಳಿಗೆ ಬಂದ್ಮೇಲೆ ಹೊಳೀತು. ಕೆಳಗೆ ಬಕೆಟ್ ಇಲ್ಲ, ತುಂಬಿಸಿಟ್ಟಿದ್ದೆಲ್ಲಾ ನನ್ನ ಬನಿಯನ್ ಮೇಲೆ. ಆ ನೀರಲ್ಲಿ ಸುಣ್ಣದ ತಿಳಿ ಥರ ಬಿಳಿ ಗಸಿ ಇತ್ತು. ಆಗ ಅದರ ಬಗ್ಗೆ ಏನೂ ಅನ್ನಿಸ್ಲಿಲ್ಲ.

ಹೊಸದನ್ನ ಒತ್ತಿದೆ, ಎರಡು ಪೈಪ್ ಹಾಕಿದೆ, ಕನೆಕ್ಟರ್ ಟಿಕ್ ಅಂತು, ಟ್ಯಾಂಕಿಗೆ ಮತ್ತೆ ನೀರು ತುಂಬಿ, ಹೊಸ ಫ್ಯೂಸ್ ಹಾಕಿ ಬ್ಯಾಟರಿ ಕೊಟ್ಟೆ. ಮಗಳನ್ನ ಕರೆದು ಕಾರಿನ ಮುಂದೆ ನಿಲ್ಸಿ, ನೀರು ಬಂದ್ರೆ ಕೈ ಎತ್ತು ಪುಟ್ಟಿ ಅಂದೆ. ಲಿವರ್ ಎಳೆದೆ. ಕುಂಯ್ ಅಂತು! ಮಗಳು ಕೈ ಎತ್ಲಿಲ್ಲ. ಹಿಂದಿನಿಂದ ಪಕ್ಕದ ಮನೆ ಅಂಕಲ್ಲು, "ರೀ, ಏನ್ರೀ ಇದು!" ಅಂತ ಕೂಗಿದ್ರು. ಡಿಕ್ಕಿ ಹತ್ರ ನಿಂತು ಪೇಪರ್ ಓದ್ತಿದ್ದೋರಿಗೆ ಪೂರ್ತಿ ಅಭಿಷೇಕ ಆಗಿತ್ತು.

ಇದು ನಂಗೆ ಭಾರಿ ಇಷ್ಟವಾದ ಭಾಗ. ಮುಂದೆಗೂ ಹಿಂದೆಗೂ ಇರೋದು ಒಂದೇ ಮೋಟರು. ಲಿವರ್ ಎಳೆದ್ರೆ ಒಂದು ದಿಕ್ಕಿಗೆ ತಿರುಗುತ್ತೆ, ತಳ್ಳಿದ್ರೆ ಪ್ಲಸ್ಸು ಮೈನಸ್ಸು ಅದಲುಬದಲಾಗಿ ಉಲ್ಟಾ ತಿರುಗುತ್ತೆ. ಈ ಕಡೆ ತಿರುಗಿದ್ರೆ ಒಂದು ಮೂತಿಗೆ ನೀರು, ಆ ಕಡೆ ತಿರುಗಿದ್ರೆ ಇನ್ನೊಂದಕ್ಕೆ. ಒಂದೇ ಎತ್ತು ಗಾಣಕ್ಕೂ ಏತಕ್ಕೂ ಕಟ್ಟಿದ ಹಾಗೆ. ನಾನು ಪೈಪ್ ಎರಡನ್ನೂ ಅದಲುಬದಲು ಹಾಕಿದ್ದೆ. ಬಿಚ್ಚೋ ಮುಂಚೆ ಒಂದು ಫೋಟೋ ತೆಗೆದಿದ್ರೆ ಅಂಕಲ್ ಒಣಗಿರೋರು.

ಪೈಪ್ ಸರಿ ಮಾಡಿ ಎಲ್ಲಾ ಮುಚ್ಚಿ ಮೀಸೆ ತಿರುವ್ಕೊಂಡು ಮಲಗಿದೆ. ಬೆಳಗ್ಗೆ ಎದ್ದು ನೋಡಿದ್ರೆ ಕಾರಿನ ಕೆಳಗೆ ಕೆರೆ. ಹಳೇ ಗ್ರಾಮೆಟ್ ಮೂಲಕ ರಾತ್ರಿಯಿಡೀ ಸೋರಿದೆ. ಮೂವತ್ತು ರೂಪಾಯಿಗೆ ಇನ್ನೊಂದು ಸಲ ಜೆ.ಸಿ. ರೋಡು, ಇನ್ನೊಂದು ಸಲ ಮೂರು ಕ್ಲಿಪ್ಪು. ಆ ಹಿರೀರು ಒಂದು ಮಾತೂ ಆಡ್ದೆ ರಬ್ಬರ್ ಕೊಟ್ರು, ಅದೇ ಜಾಸ್ತಿ ನೋವಾಯ್ತು. ಹೊಸದನ್ನ ಸೋಪ್ ನೀರಲ್ಲಿ ಅದ್ದಿ ಒತ್ತಿದ್ರೆ ಸಲೀಸಾಗಿ ಕೂರುತ್ತೆ, ಗ್ರೀಸ್ ಹಚ್ಬೇಡಿ, ರಬ್ಬರ್ ಊದ್ಕೊಳ್ಳುತ್ತೆ.

ಇಷ್ಟಾದ್ಮೇಲೆ ಸತ್ತ ಮೋಟರನ್ನ ಹ್ಯಾಕ್ಸಾ ಬ್ಲೇಡಲ್ಲಿ ಕುಯ್ದು ನೋಡಿದೆ. ಸರ್ವಿಸ್ ಸೆಂಟರ್ ಹುಡುಗನಿಗೆ ಇಷ್ಟುದ್ದ ಬೈದಿದ್ದೀನಲ್ಲ, ನಾನಾದ್ರೂ ನೋಡ್ಬೇಕಲ್ಲ. ಒಳಗೆ ನೀರು ತಳ್ಳೋ ಪುಟಾಣಿ ಚಕ್ರ, ಅದರ ಸುತ್ತ ಬಿಳೀ ಚಕ್ಕೆ. ಹಂಡೆ ಒಳಗೆ, ಗೀಸರ್ ಕಾಯಿಲ್ ಮೇಲೆ ಕಟ್ಟುತ್ತಲ್ಲ, ಅದೇ. ಶಾಫ್ಟ್ ಹತ್ರದ ಸೀಲ್ ಸವೆದು ನೀರು ಮೇಲೆ ಮೋಟರೊಳಗೆ ಹೋಗಿ ಎಲ್ಲಾ ತುಕ್ಕು. ಗ್ರಾಮೆಟ್ ಬಾಯಲ್ಲಿರೋ ಸಣ್ಣ ಜಾಲರಿ ಪೂರ್ತಿ ಬಿಳಿ.

ಆ ಬಿಳಿ ಎಲ್ಲಿಂದ ಬಂತು ಗೊತ್ತಾ? ನಮ್ಮನೆ ಆರ್‌ಓ ಫಿಲ್ಟರ್ ಹೊರಗೆ ಬಿಡೋ ನೀರನ್ನ ನಾನು ಬಕೆಟ್ಟಲ್ಲಿ ಹಿಡಿದಿಡ್ತೀನಿ, ವೇಸ್ಟ್ ಮಾಡ್ಬಾರ್ದು ಅಂತ. ಮೂರ್ನಾಲ್ಕು ವರ್ಷದಿಂದ ವಾಷರ್ ಟ್ಯಾಂಕಿಗೆ ಹಾಕ್ತಿದ್ದಿದ್ದು ಅದನ್ನೇ. ನಾಲ್ಕು ಜನರ ಮುಂದೆ ಅದನ್ನ ಹೆಮ್ಮೆಯಿಂದ ಹೇಳ್ಕೊಂಡೂ ಇದ್ದೆ. ನಮ್ಮ ಬೋರ್‌ವೆಲ್ ನೀರಿಗೆ ಟಿಡಿಎಸ್ ಪೆನ್, ಅಂದ್ರೆ ನೀರಲ್ಲಿ ಕರಗಿರೋ ಉಪ್ಪಿನಂಶ ಅಳೆಯೋ ಪೆನ್, ಹಾಕಿದ್ರೆ ಲೀಟರಿಗೆ 850 ಮಿಲಿಗ್ರಾಂ ತೋರ್ಸುತ್ತೆ. ಕುಡಿಯೋ ನೀರಿಗೆ ಬಿಐಎಸ್, ಅಂದ್ರೆ ಭಾರತೀಯ ಮಾನಕ ಬ್ಯೂರೋ, ಹೇಳೋ ಮಿತಿ 500, ಬೇರೆ ಗತಿ ಇಲ್ದಿದ್ರೆ 2,000ದವರೆಗೆ. ಈಗ ಬಕೆಟ್ಟಿಗೆ ಪೆನ್ ಹಾಕಿ ನೋಡಿದೆ, 1,200 ದಾಟ್ತು. ದಾಟ್ದೇ ಇನ್ನೇನು, ಒಳ್ಳೇ ನೀರು ನಾವು ಕುಡಿದು, ಉಪ್ಪು ಸುಣ್ಣನೆಲ್ಲ ಬಕೆಟ್ಟಿಗೆ ಕಳಿಸ್ತೀವಿ. ನೆಲ ಒರೆಸೋಕೆ ಸರಿ, ಸೂಜಿ ಮೊನೆಯಷ್ಟು ತೂತಿರೋ ನಾಝಲ್‌ಗಲ್ಲ. ಅಂದ್ರೆ ನಾನು ಎರಡು ಭಾನುವಾರ ಪಿನ್ ಚುಚ್ಚಿ ತೆಗೆದಿದ್ದೂ ನಾನೇ ತುಂಬಿದ ಸುಣ್ಣ. ಟ್ಯಾಂಕ್ ಅಸೆಂಬ್ಲಿ ಪೂರ್ತಿ ಹೊಸದು ಹಾಕಿಸಿದ್ರೂ ಅದೇ ಬಕೆಟ್ ಹಿಡ್ಕೊಂಡು ಅದನ್ನೇ ತುಂಬ್ತಿದ್ದೆ, ಇನ್ನು ಮೂರು ವರ್ಷಕ್ಕೆ ಮತ್ತೆ ಅದೇ ಟೈ ಹುಡುಗನ ಮುಂದೆ ನಿಂತಿರ್ತಿದ್ದೆ.

ಇದನ್ನ ಹೆಂಡತಿಗೆ ಹೇಳೋಕೆ ಎರಡು ದಿನ ತಗೊಂಡೆ. "ಅದಕ್ಕೆ ಟೀವಿ ಹತ್ರ ಇಟ್ಟು ಪೂಜೆ ಮಾಡ್ತಾ ಇದ್ದೀರಾ?" ಅಂದ್ಳು.

ಈಗ ಟ್ಯಾಂಕಿಗೆ ಫಿಲ್ಟರ್ ಆದ ನೀರೇ ಹಾಕ್ತಿದ್ದೀನಿ, ಜೊತೆಗೆ ಅಂಗಡಿಯಲ್ಲಿ ಸಿಗೋ ವಾಷರ್ ಲಿಕ್ವಿಡ್ ಸ್ವಲ್ಪ. ಬಟ್ಟೆ ಸೋಪಿನ ಪುಡಿ ಹಾಕೋರು ಇದ್ದೀರಿ, ನೊರೆ ಬಂದು ಗಾಜಲ್ಲಿ ಗೆರೆ ಬೀಳುತ್ತೆ, ತಳದಲ್ಲಿ ಗಸಿ ಕೂರುತ್ತೆ, ಬಿಟ್ಬಿಡಿ. ನೀರು ಬರ್ದೇ ಇದ್ದಾಗ ಲಿವರ್ ಎಳೆದು ಹಿಡ್ಕೊಂಡೇ ಇರ್ಬೇಡಿ, ಖಾಲಿ ಓಡಿದ್ರೆ ಪಂಪ್ ಬೇಗ ಹೋಗುತ್ತೆ. ಮಳೆ ಸುರೀತಿರೋವಾಗ ಇದರ ನೆನಪೇ ಆಗಲ್ಲ, ಮಳೆ ನಿಂತು ಅರ್ಧ ಗಂಟೆ ಇರುತ್ತಲ್ಲ, ರಸ್ತೆ ಒದ್ದೆ, ಗಾಜು ಒಣ, ಮುಂದೆ ಲಾರಿ, ಆಗ ಬೇಕು. ಮೊದಲ ಮಳೆ ಆದ ರಾತ್ರಿ ಕುಣಿಗಲ್ ಕಡೆಯಿಂದ ಬಂದು ನೋಡಿ, ಈಸ್ಲುಹುಳ ಗಾಜಿಗೆ ಬಡಿದು ಎಣ್ಣೆ ಸವರಿದ ಹಾಗೆ ಆಗುತ್ತೆ, ಒಣ ವೈಪರ್ ಹಾಕಿದ್ರೋ ಎದುರಿನ ಹೆಡ್‌ಲೈಟ್ ನಾಲ್ಕಾಗಿ ಕಾಣುತ್ತೆ.

ಎಲ್ಲಾ ಸೇರಿ ಖರ್ಚು ಆರುನೂರರ ಒಳಗೆ, ಮೆಟ್ರೋ ಎರಡು ಸಲ, ಅಂಕಲ್‌ಗೆ ಒಂದು ಫಿಲ್ಟರ್ ಕಾಫಿ. ಬಲಗಡೆ ನಾಝಲ್ ಸರಿಯಾಗಿ ನಡುಗಾಜಿಗೆ ಬೀಳ್ತಿದೆ. ಎಡಗಡೇದು ನಾನು ಚುಚ್ಚಿ ಚುಚ್ಚಿ ನೀರಿನ ದಿಕ್ಕು ಹಿಡಿಯೋ ಅದರ ಗುಂಡು ತಿರುಗೋಗಿದೆ, ನೀರು ಕಾರಿನ ಮೇಲಿಂದ ಹಾರಿ ಹಿಂದಿನ ಬೈಕಿನೋರಿಗೆ ಹೋಗ್ತಿದೆ. ನಾಯಂಡಹಳ್ಳಿ ಸಿಗ್ನಲ್ಲಲ್ಲಿ ಒಬ್ಬ ಪಕ್ಕಕ್ಕೆ ಬಂದು ಹೆಲ್ಮೆಟ್ ಗ್ಲಾಸ್ ಎತ್ತಿ ನನ್ನನ್ನೇ ನೋಡ್ದ. ಈ ಭಾನುವಾರ ಅದಕ್ಕೆ ಮತ್ತೆ ಪಿನ್ ಹಿಡೀಬೇಕು.