ಧೂಳು ನೋಡಲು ಹೋದದ್ದು

ಎದೆಯ ಮೇಲೆ ನನ್ನದೇ ಹೆಸರು ಅಂಟಿಸಿಕೊಂಡು ತಿರುಗುವ ವಯಸ್ಸು ದಾಟಿತೆಂದು ತಿಳಿದಿದ್ದೆ. ಶಾಲೆಯ ಮೊದಲ ದಿನದ ಮಕ್ಕಳಿಗೆ ಅದು ಒಪ್ಪುತ್ತದೆ. ವಿಮಾನಕ್ಕೆ ಹಾಕುವ ಪೆಟ್ಟಿಗೆಗಳಿಗೂ ಒಪ್ಪುತ್ತದೆ. ಆದರೆ ಆ ಬೆಳಿಗ್ಗೆ ವ್ಯಾನಿನ ಬಾಗಿಲಲ್ಲಿ ನಿಂತಿದ್ದ ಮಾರ್ಗದರ್ಶಿ, ನಾನು ಬೇಡವೆನ್ನುವ ಮೊದಲೇ, ಬಿಳಿಯ ಕಾಗದದ ಚೌಕದ ಮೇಲೆ ನನ್ನ ಹೆಸರನ್ನು ಒಂದು ಒತ್ತಕ್ಷರ ಕಡಿಮೆ ಮಾಡಿ ಬರೆದು, ಅಂಗಿಯ ಜೇಬಿನ ಮೇಲೆ ಅಂಟಿಸಿ, ಬೀಳದಿರಲೆಂದು ಎರಡು ಸಲ ತಟ್ಟಿಯೂ ಬಿಟ್ಟರು. ಒಂದು ದಿನ, ನಾಲ್ಕು ಸ್ಟುಡಿಯೊ, ಒಂದೊಂದಕ್ಕೂ ನಲವತ್ತು ನಿಮಿಷ. ‘ನಗರದ ಕಲಾವಿದರನ್ನು, ಕುಶಲಕರ್ಮಿಗಳನ್ನು ಅವರ ಸಹಜ ಪರಿಸರದಲ್ಲಿ ಕಾಣಿರಿ’ ಎಂದು ಕರಪತ್ರದಲ್ಲಿತ್ತು. ಹುಲಿಗಳ ಬಗ್ಗೆಯೂ ಹೀಗೆಯೇ ಬರೆಯುತ್ತಾರೆ. ವ್ಯತ್ಯಾಸವೆಂದರೆ ಹುಲಿ ಹೇಳಿದ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬಂದು ನಗುತ್ತಾ ನಿಲ್ಲುವುದಿಲ್ಲ.

ಕಲೆಯ ಮೇಲಿನ ಪ್ರೀತಿಯಿಂದ ಹೋದೆ ಎಂದರೆ ಅರ್ಧ ಸುಳ್ಳು. ಹೋದದ್ದು ಸಾಕ್ಷ್ಯ ಸಂಗ್ರಹಕ್ಕೆ. ಮನೆಯಲ್ಲಿ ನನ್ನ ಬರೆಯುವ ಮೇಜಿನ ಕುರಿತು ಬಹಳ ವರ್ಷಗಳಿಂದ ಒಂದು ಮೊಕದ್ದಮೆ ನಡೆಯುತ್ತಿದೆ. ವಾದಿ ನನ್ನ ಹೆಂಡತಿ, ನ್ಯಾಯಾಧೀಶರೂ ಅವಳೇ. ಆ ಮೇಜಿನ ಮರ ಯಾವ ಬಣ್ಣದ್ದೆಂದು ಈಗ ಯಾರಿಗೂ ನೆನಪಿಲ್ಲ ಎಂಬುದು ಅವಳ ದೂರು. ಕೆಲಸ ಮಾಡುವವನ ಮೇಜು ಹೀಗೆಯೇ ಇರುತ್ತದೆ ಎಂಬುದು ನನ್ನ ವಾದ. ‘ಯಾವ ಕೆಲಸ?’ ಎಂಬ ಪಾಟೀಸವಾಲಿಗೆ ಉತ್ತರವನ್ನು ಇನ್ನೂ ಸಿದ್ಧಪಡಿಸುತ್ತಿದ್ದೇನೆ. ಅಷ್ಟರೊಳಗೆ ನಾಲ್ಕು ಮಂದಿ ನಿಜವಾದ ಕಲಾವಿದರ ಕೋಣೆಗಳನ್ನು ಕಣ್ಣಾರೆ ಕಂಡು, ಅಲ್ಲಿನ ಅಸ್ತವ್ಯಸ್ತವನ್ನು ಮೊಬೈಲಿನಲ್ಲಿ ಹಿಡಿದು ತಂದು ಹಾಜರುಪಡಿಸಿದರೆ ಕಕ್ಷಿ ಅರ್ಧ ಗೆದ್ದಂತೆ ಎಂದು ಎಣಿಸಿದ್ದೆ.

ಮೊದಲನೆಯದು ಚಿತ್ರಕಾರರೊಬ್ಬರದು. ಒಳಗೆ ಕಾಲಿಟ್ಟರೆ ಟರ್ಪೆಂಟೈನಿಗಿಂತ ಮುಂಚೆ ಫಿನಾಯಿಲ್ ಮೂಗಿಗೆ ಬಡಿಯಿತು. ಕುಂಚಗಳು ಶಾಲೆಯ ಪ್ರಾರ್ಥನೆಯ ಸಾಲಿನಂತೆ ಗಿಡ್ಡದರಿಂದ ಉದ್ದದವರೆಗೆ ನಿಂತಿದ್ದವು. ಈಸಲ್ ಮೇಲೆ ಅರ್ಧ ಮುಗಿದ ಚಿತ್ರವೊಂದಿತ್ತು. ಅದು ಅರ್ಧ ಮುಗಿದೇ ಒಂದೆರಡು ವರ್ಷವಾಗಿರಬೇಕೆಂದು ನನ್ನ ಗುಮಾನಿ. ಏಕೆಂದರೆ ಪ್ಯಾಲೆಟ್ಟಿನ ಮೇಲೆ ಹೊಳೆಯುತ್ತಿದ್ದ ಹಸಿ ಬಣ್ಣಗಳಲ್ಲಿ ಒಂದೂ ಆ ಚಿತ್ರದಲ್ಲಿರಲಿಲ್ಲ. ನಮ್ಮ ಗುಂಪಿನ ಟೋಪಿಯವರೊಬ್ಬರು ಕೂಡಲೇ ಕೇಳಿದರು: “ಇದನ್ನು ಬರೆಯಲು ಎಷ್ಟು ಹೊತ್ತು ಬೇಕು?” ದಿನವಿಡೀ ನಾಲ್ಕೂ ಕಡೆ ಅವರು ಇದನ್ನೇ ಕೇಳಿದರು, ಬೆಲೆಯನ್ನು ಮನಸ್ಸಿನಲ್ಲೇ ಉತ್ತರದಿಂದ ಭಾಗಿಸಿದರು. ಇದು ವಕೀಲರ ಪ್ರಶ್ನೆ. 1878ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ, ತನ್ನ ಚಿತ್ರವನ್ನು ಹೀಗಳೆದ ವಿಮರ್ಶಕನ ಮೇಲೆ ಮೊಕದ್ದಮೆ ಹೂಡಿದ್ದ ವಿಸ್ಲರ್ ಎಂಬ ಚಿತ್ರಕಾರನಿಗೆ ಇದನ್ನೇ ಕೇಳಿದ್ದರು. ಎರಡು ದಿನದ ಕೆಲಸಕ್ಕೆ 200 ಗಿನಿಯೇ ಎಂದಾಗ, ಅಲ್ಲ, ಬದುಕಿಡೀ ಗಳಿಸಿದ ತಿಳಿವಳಿಕೆಗೆ ಎಂದನಂತೆ. ಆ ಮಾತನ್ನು ಎಲ್ಲರೂ ಮೆಚ್ಚಿ ಹೇಳುತ್ತಾರೆ. ಮೊಕದ್ದಮೆ ಗೆದ್ದವನಿಗೆ ಸಿಕ್ಕ ಪರಿಹಾರ ಒಂದೇ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ, ಮರುವರ್ಷವೇ ಅವನು ದಿವಾಳಿಯಾದ ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ನಮ್ಮ ಚಿತ್ರಕಾರರು ಜಾಣರು. “ಮೂರು ವಾರ” ಎಂದು ಸುಮ್ಮನಾದರು.

ನನಗೆ ಬೇಕಾಗಿದ್ದುದು ಬೇರೆಯೇ. ನನ್ನ ಮುಖ್ಯ ಸಾಕ್ಷಿ ಫ್ರಾನ್ಸಿಸ್ ಬೇಕನ್. ತತ್ವಜ್ಞಾನಿಯಲ್ಲ, ಚಿತ್ರಕಾರ. 1961ರಿಂದ 1992ರಲ್ಲಿ ಸಾಯುವವರೆಗೆ ಅವನು ಲಂಡನ್ನಿನ ರೀಸ್ ಮ್ಯೂಸ್ ಎಂಬ ಓಣಿಯ 7ನೇ ನಂಬರಿನ ಮನೆಯಲ್ಲಿ, ಕಡಿದಾದ ಮೆಟ್ಟಿಲೇರಿ ಹೋಗಬೇಕಾದ ಸಣ್ಣ ಕೋಣೆಯಲ್ಲಿ ಚಿತ್ರ ಬರೆದ. ಬರೆದ ಎನ್ನುವುದಕ್ಕಿಂತ ಆ ಕೋಣೆಯಲ್ಲಿ ಹೂತುಕೊಂಡ ಎನ್ನಬೇಕು. ಹರಿದ ಪುಸ್ತಕ, ತುಳಿದ ಛಾಯಾಚಿತ್ರ, ಖಾಲಿ ಡಬ್ಬಿ, ಮೊಣಕಾಲೆತ್ತರದ ರಾಶಿ. ಬಣ್ಣವನ್ನು ಗೋಡೆಗೂ ಬಾಗಿಲಿಗೂ ಬಳಿದು ಪರೀಕ್ಷಿಸುತ್ತಿದ್ದ. ಅವನು ಸತ್ತ ಮೇಲೆ, ಯಾರಾದರೂ ಬುಟ್ಟಿ, ಪೊರಕೆ ಹಿಡಿದು ಬರುವ ಮುಂಚೆ, 1998ರಲ್ಲಿ ಆ ಕೋಣೆ ಇಡಿಯಾಗಿ ಅವನು ಹುಟ್ಟಿದ ಊರಾದ ಡಬ್ಲಿನ್ನಿನ ಹ್ಯೂ ಲೇನ್ ಗ್ಯಾಲರಿಗೆ ದಾನವಾಯಿತು. ಆಗ ಬಂದವರು ಪುರಾತತ್ವ ತಜ್ಞರು. ಹಾಳೂರು ಅಗೆಯುವವರಂತೆ ನಕ್ಷೆ ಬರೆದು, ಯಾವ ಕಾಗದ ಯಾವುದರ ಕೆಳಗಿತ್ತೆಂದು ಗುರುತು ಹಾಕಿದರು. ಲೆಕ್ಕಕ್ಕೆ ಸಿಕ್ಕವು 7000ಕ್ಕೂ ಹೆಚ್ಚು ವಸ್ತುಗಳು. ಅವುಗಳಲ್ಲಿ 1500ರಷ್ಟು ಛಾಯಾಚಿತ್ರಗಳು. ಅವನೇ ಕೊಯ್ದು ಹಾಕಿದ ನೂರರಷ್ಟು ಕ್ಯಾನ್ವಾಸುಗಳು. ಗೋಡೆ, ಬಾಗಿಲು, ನೆಲ, ಮಾಳಿಗೆ ಎಲ್ಲವನ್ನೂ ಬಿಚ್ಚಿ ಸಮುದ್ರ ದಾಟಿಸಿದರು. ಧೂಳನ್ನೂ ಬಿಡಲಿಲ್ಲ.

ಆ ಧೂಳಿನ ಬಗ್ಗೆ ನಾನು ಯೋಚಿಸಿದಷ್ಟು ಬೇಕನ್ನನ ಚಿತ್ರಗಳ ಬಗ್ಗೆ ಯೋಚಿಸಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಧೂಳನ್ನು ಹೇಗೆ ತುಂಬುತ್ತಾರೆ? ಚಮಚದಲ್ಲಿಯೇ? ಚೀಲದ ಮೇಲೆ ಏನೆಂದು ಬರೆಯುತ್ತಾರೆ? ಕಿಟಕಿಯ ಬಳಿಯ ಧೂಳಿಗೂ ಈಸಲ್ ಕೆಳಗಿನ ಧೂಳಿಗೂ ಬೇರೆ ಬೇರೆ ಚೀಲವೇ? ಬಂದರಿನಲ್ಲಿ ಅಧಿಕಾರಿಯೊಬ್ಬ ಒಳಗೇನಿದೆ ಎಂದು ಕೇಳಿದಾಗ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಗಂಭೀರ ಮನುಷ್ಯನೊಬ್ಬ ‘ಧೂಳು’ ಎನ್ನುವಾಗ ಅವನ ಮುಖ ಹೇಗಿದ್ದಿರಬೇಕು? ಆಮೇಲೆ ಡಬ್ಲಿನ್ನಿನಲ್ಲಿ ಎಲ್ಲವನ್ನೂ ಮೊದಲಿನಂತೆ ಜೋಡಿಸಿದ ಬಳಿಕ, ಕೊನೆಗೆ ಯಾರೋ ಒಬ್ಬರು ನಿಂತು ಅದನ್ನು ಉದುರಿಸಿರಬೇಕಲ್ಲ. ಜೀವನವಿಡೀ ವಸ್ತುಗಳ ಮೇಲಿನ ಧೂಳು ಒರೆಸಲು ತರಬೇತಿ ಪಡೆದ ಸಂರಕ್ಷಣಾ ತಜ್ಞ, ಅಂದು ಒಂದು ದಿನ ಧೂಳು ಹಾಕಿ, ‘ಅಲ್ಲಿ ಸ್ವಲ್ಪ ಕಡಿಮೆಯಾಯಿತು’ ಎಂದು ಇನ್ನೊಂದು ಚಿಟಿಕೆ ಹಾಕಿರಬೇಕು. 2001ರಿಂದ ಜನ ಅದನ್ನು ಗಾಜಿನ ಈಚೆ ನಿಂತು ನೋಡತೊಡಗಿದರು. ಒಳಗಿನ ಧೂಳು ಚೆನ್ನಾಗಿ ಕಾಣಲೆಂದು ಹೊರಗಿನ ಗಾಜನ್ನು ದಿನವೂ ಯಾರೋ ಒರೆಸುತ್ತಿದ್ದಿರಬೇಕು.

ಬೇಕನ್ ಒಬ್ಬನೇ ಅಲ್ಲ. ಇಟಲಿಯ ಬೊಲೋನ್ಯದಲ್ಲಿ ಮೊರಾಂಡಿ ಎಂಬ ಚಿತ್ರಕಾರ ತನ್ನ ಸೀಸೆ, ಹೂಜಿಗಳ ಮೇಲೆ ಕೂತ ಧೂಳನ್ನು ಕದಲಿಸದೆ, ಧೂಳು ಸಮೇತವೇ ಅವನ್ನು ಬರೆದ. ಡುಶಾಂಪ್ ಎಂಬ ಕಲಾವಿದ ನ್ಯೂಯಾರ್ಕಿನಲ್ಲಿ ದೊಡ್ಡ ಗಾಜೊಂದನ್ನು ಮಲಗಿಸಿ ತಿಂಗಳುಗಟ್ಟಲೆ ಧೂಳು ಕೂಡಲು ಬಿಟ್ಟ. 1920ರಲ್ಲಿ ಮ್ಯಾನ್ ರೇ ಅದರ ಛಾಯಾಚಿತ್ರ ತೆಗೆದ. ಕೋಳಿ ಸಾಕಣೆ ಎಂಬಂತೆ ‘ಧೂಳು ಸಾಕಣೆ’ ಎಂದೇ ಆ ಚಿತ್ರದ ಹೆಸರು. ಆಮೇಲೆ ಡುಶಾಂಪ್ ಬೇಕಾದಷ್ಟು ಧೂಳಿಗೆ ವಾರ್ನಿಷ್ ಹಚ್ಚಿ ಗಾಜಿಗೇ ಕೂರಿಸಿ, ಉಳಿದದ್ದನ್ನು ಒರೆಸಿದ. ಬೇಕನ್ನಂತೂ ಚಿತ್ರದೊಳಗಿನ ಸೂಟಿನ ಬಟ್ಟೆಗೆ ಮೆತ್ತನೆಯ ನವಿರು ಬರಲೆಂದು ನೆಲದ ಧೂಳನ್ನೇ ಬಳಸಿದ್ದುಂಟು. ಇಂಥ ಸಾಕ್ಷಿಗಳನ್ನು ಬೆನ್ನಿಗಿಟ್ಟುಕೊಂಡು ಹೋದವನಿಗೆ ಫಿನಾಯಿಲ್ ಬಡಿದರೆ ಹೇಗಾಗಬೇಡ?

ಎರಡನೆಯದು ಅಚ್ಚು ತೆಗೆಯುವ ಕಲಾವಿದೆಯೊಬ್ಬರದು. ತಾಮ್ರದ ತಗಡಿಗೆ ಮಸಿ ತುಂಬಿ, ಹತ್ತಿಬಟ್ಟೆಯಿಂದ ಒರೆಸಿ, ಕೊನೆಯಲ್ಲಿ ಅಂಗೈಯಿಂದ ಸವರಿ, ಒದ್ದೆ ಕಾಗದ ಹೊದಿಸಿ, ಉಣ್ಣೆಯ ಹಾಸು ಮುಚ್ಚಿ, ದೊಡ್ಡ ಚಕ್ರ ತಿರುಗಿಸಿದರು. ಕಾಗದದ ಮೂಲೆ ಹಿಡಿದು ಮೆಲ್ಲಗೆ ಎತ್ತುವಾಗ “ಇದು ಹೇಗೆ ಬರುತ್ತದೆಯೋ ನನಗೂ ಗೊತ್ತಿರುವುದಿಲ್ಲ” ಎಂದು ಉಸಿರು ಬಿಗಿಹಿಡಿದರು. ನಾವೂ ಹಿಡಿದೆವು. ಹಕ್ಕಿಯ ಚಿತ್ರ ಚೆನ್ನಾಗಿಯೇ ಬಂತು. ಹಿಂದಿನ ಹಗ್ಗದ ಮೇಲೆ ಅದೇ ಹಕ್ಕಿ ಒಂಬತ್ತು ಸಲ ಒಣಗುತ್ತಿತ್ತು. ಎಣ್ಣೆ ಬಟ್ಟೆಗಳನ್ನು ಮಾತ್ರ ಮುಚ್ಚಳವಿರುವ ಕಬ್ಬಿಣದ ಡಬ್ಬಿಯಲ್ಲಿ ಹಾಕಿದ್ದರು. ಅಗಸೆ ಎಣ್ಣೆ ಕುಡಿದ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳಬಹುದು. ಅಷ್ಟೊಂದು ಸಾಕ್ಷ್ಯ ನನಗೆ ಬೇಡವಾಗಿತ್ತು.

ಮೂರನೆಯದು ಶಿಲ್ಪಿಯದು. ಅವರು ನಮಗೆ ಕಂಪ್ಯೂಟರಿನಲ್ಲಿ ಚಿತ್ರಗಳನ್ನು ತೋರಿಸಿದರು.

ನಾಲ್ಕನೆಯದು ಕುಂಬಾರಿಕೆಯ ಸ್ಟುಡಿಯೊ. ಇಲ್ಲಿಯಾದರೂ ಎಂದುಕೊಂಡೆ, ಮಣ್ಣಿನ ಕೆಲಸವಲ್ಲವೇ. ನೆಲ ಕನ್ನಡಿಯಂತಿತ್ತು. ತಿಗರಿಯ ಸುತ್ತ ಒಂದು ಚೂರು ಮಣ್ಣಿಲ್ಲ. ದಿನವಿಡೀ ತಡೆದಿದ್ದ ಅಸಮಾಧಾನ ಸೌಜನ್ಯದ ವೇಷದಲ್ಲಿ ಹೊರಬಿತ್ತು. “ನಾವು ಬರುತ್ತೇವೆಂದು ಇಷ್ಟೆಲ್ಲ ಗುಡಿಸಿ ತೊಂದರೆ ತೆಗೆದುಕೊಳ್ಳಬಾರದಿತ್ತು” ಎಂದೆ.

ಆಕೆ ನಕ್ಕರು. “ಇಲ್ಲಿ ಪೊರಕೆಯೇ ಇಲ್ಲ” ಎಂದರು. ಒಣಗಿದ ಜೇಡಿಮಣ್ಣಿನಲ್ಲಿ ಸಿಲಿಕಾ ಇರುತ್ತದೆ. ಗುಡಿಸಿದರೆ ಅದು ಏಳುತ್ತದೆ. ಕಣ್ಣಿಗೆ ಕಾಣುವ ಧೂಳು ಬೇಗ ಕೂರುತ್ತದೆ, ಕಾಣದ್ದು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಾ ಶ್ವಾಸಕೋಶಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಹಾಗೆ ಇಳಿದರೆ ಸಿಲಿಕೋಸಿಸ್. ಬಂದ ಮೇಲೆ ವಾಸಿ ಮಾಡುವ ಮದ್ದಿಲ್ಲ. ಅದಕ್ಕೇ ದಿನವೂ ಕೆಲಸ ಮುಗಿದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸುತ್ತಾರೆ, ಯಾರು ಬರಲಿ ಬಿಡಲಿ. ತೊಟ್ಟಿಯ ಕೆಳಗೆ ಮಣ್ಣು ತಂಗುವ ಪೆಟ್ಟಿಗೆಯನ್ನೂ ತೋರಿಸಿದರು. ಇಲ್ಲವಾದರೆ ಕೊಳವೆ ಕಟ್ಟಿಕೊಳ್ಳುತ್ತದೆ. ನಾನು ಅದನ್ನು ಅತ್ಯಂತ ಆಸಕ್ತಿಯಿಂದ ನೋಡಿದೆ, ಏಕೆಂದರೆ ಆಕೆಯ ಮುಖ ನೋಡುವಂತಿರಲಿಲ್ಲ. ಹಿಂದೆ ಟೋಪಿಯವರು ಬಟ್ಟಲೊಂದನ್ನು ಎತ್ತಿ ಹಿಡಿದು, ಎಷ್ಟು ಹೊತ್ತು ಎಂದು ಕೇಳುತ್ತಿದ್ದರು.

ಮರಳುವಾಗ ವ್ಯಾನಿನಲ್ಲಿ, ನಾನು ಮರೆತಿದ್ದ ಇನ್ನೊಂದು ಸಂಗತಿ ನೆನಪಿಗೆ ಬಂತು: ಬೇಕನ್ನನಿಗೆ ಚಿಕ್ಕಂದಿನಿಂದ ಆಸ್ತಮಾ. ನನ್ನ ಮುಖ್ಯ ಸಾಕ್ಷಿ ಕಟಕಟೆಯಲ್ಲಿ ನಿಂತು ಕೆಮ್ಮತೊಡಗಿದ್ದ. ಸಾಕ್ಷಿ ಪ್ರತಿಕೂಲವಾಗುವುದು ಎಂದರೆ ಇದೇ. ಮಾರ್ಗದರ್ಶಿ ಅಷ್ಟರಲ್ಲಿ ಎಲ್ಲರಿಗೂ ಅಭಿಪ್ರಾಯದ ಕಾಗದ ಹಂಚಿದರು: ಈ ದಿನ ನಿಮ್ಮೊಳಗಿನ ಕಲಾವಿದನನ್ನು ಎಚ್ಚರಿಸಿತೇ, ಒಂದರಿಂದ ಐದರೊಳಗೆ ಅಂಕ ಕೊಡಿ. ನಾನು ಎರಡು ಕೊಟ್ಟೆ. ಪಕ್ಕದವರು ನೋಡಿದ್ದರಿಂದ ನಾಲ್ಕು ಮಾಡಿದೆ.

ಮನೆಗೆ ಬಂದು ಅಂಗಿಯ ಮೇಲಿನ ಹೆಸರನ್ನು ಕೀಳಲು ನೋಡಿದರೆ ಕಾಗದ ಹರಿಯಿತೇ ಹೊರತು ಗೋಂದು ಬಿಡಲಿಲ್ಲ. ಕೆಲಸದ ಬಟ್ಟೆಯನ್ನು ತಾನು ಎಂದೂ ಕೊಡವುವುದಿಲ್ಲ, ನೇರವಾಗಿ ನೆನೆಸುತ್ತೇನೆ ಎಂದು ಕುಂಬಾರಿಕೆಯಾಕೆ ಹೇಳಿದ್ದರಲ್ಲ. ಹಾಗೆಯೇ ಬಕೆಟ್ಟಿನಲ್ಲಿ ನೆನೆಸಿದೆ. ಬೆಳಗಾಗುವುದರೊಳಗೆ ಹೆಸರು ಕರಗಿಹೋಗಿತ್ತು. ಜೇಬಿನ ಮೇಲೆ ಚೌಕಾಕಾರದ ಅಂಟು ಮಾತ್ರ ಉಳಿದಿದೆ, ಅದರ ತುಂಬ ಬೂದುಬಣ್ಣದ ಧೂಳು ಮೆತ್ತಿಕೊಂಡಿದೆ. ಸ್ಟುಡಿಯೊದ್ದೋ, ವ್ಯಾನಿನ ಸೀಟಿನದೋ, ನನ್ನ ಮೇಜಿನದೋ ಹೇಳಲು ಬರುವುದಿಲ್ಲ. ಒಗೆಯುವ ಮುಂಚೆ ಮೊಬೈಲಿನಲ್ಲಿ ಅದರದೊಂದು ಚಿತ್ರ ತೆಗೆದಿಟ್ಟುಕೊಂಡಿದ್ದೇನೆ.